ಬಿಸಿಲಿಗೆ ಕಟ್ಟಿದ ವಾಚು

ನಮ್ಮ ಬೀಗಿತಿಯವರು ಆಡಿದ ಒಂದು ಮಾತನ್ನು ಮೊದಲು ಬರೆದುಬಿಡುತ್ತೇನೆ. ಮಿಕ್ಕದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ. ಸೊರಬದಲ್ಲಿರುವ ಮಗಳ ಮನೆಗೆ ಮೊಮ್ಮಗಳ ಮೊದಲ ಕನ್ನಡಕ ಬಂದ ದಿನ ಅದು. ಮನೆಯವರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡುತ್ತಿದ್ದಾಗ, ಮಗಳ ಅತ್ತೆಯಾದ ಆಕೆ ಚಹಾದ ಲೋಟವನ್ನು ನನ್ನ ಮುಂದಿಟ್ಟು ಹೇಳಿದರು: "ನಮ್ಮ ಜಡೆ ಊರ ಕಡೆ ಮುದುಕ್ರೂ ಸೂಜಿಗೆ ದಾರ ಪೋಣಿಸ್ತಾರೆ ಬೀಗರೇ. ಈ ಮಗೂಗೆ ಇದು ಎಲ್ಲಿಂದ ಬಂತೋ, ದೇವರಿಗೇ ಗೊತ್ತು."

ದೇವರನ್ನು ಕರೆದದ್ದು ನೆಪಕ್ಕೆ. ಆಕೆಯ ಕಣ್ಣು ನನ್ನ ಕನ್ನಡಕದ ಮೇಲಿತ್ತು.

ನನ್ನ ಕನ್ನಡಕ ದಪ್ಪದ್ದು, ಹುಡುಗನಾಗಿದ್ದಾಗಿನಿಂದಲೂ ದಪ್ಪದ್ದೇ. ಶಿಕಾರಿಪುರದ ಹೈಸ್ಕೂಲಿನಲ್ಲಿ ನನ್ನನ್ನು ಸೋಡಾಬುಡ್ಡಿ ಎಂದು ಕರೆದವರು ಯಾರು ಯಾರು, ಯಾವ ಬೆಂಚಿನಿಂದ ಕರೆದರು ಎಂಬುದು ಈಗಲೂ ನೆನಪಿದೆ. ಅವರಲ್ಲೊಬ್ಬ ಎಷ್ಟೋ ವರ್ಷಗಳ ಮೇಲೆ ತನ್ನ ಮಗನನ್ನು ನನ್ನದೇ ಗಣಿತದ ತರಗತಿಗೆ ತಂದು ಬಿಟ್ಟು, "ಸ್ವಲ್ಪ ನೋಡ್ಕಳ್ರೀ ಮೇಷ್ಟ್ರೇ" ಎಂದು ಕೈಮುಗಿದ. ನೋಡಿಕೊಂಡೆ. ಮರೆಯಲಿಲ್ಲ.

ಆದರೆ ಬೀಗಿತಿಯವರ ಮಾತು ನನ್ನನ್ನು ನೋಯಿಸಿದ್ದಕ್ಕಿಂತ ಹೆಚ್ಚಾಗಿ ಹೆದರಿಸಿತು. ಆಕೆಗೆ ಗೊತ್ತಿಲ್ಲದ ಸಂಗತಿಯೊಂದು ನನಗೆ ಗೊತ್ತಿತ್ತು. ನನ್ನ ಅಕ್ಕನ ಕಣ್ಣಿನ ಸಂಗತಿ ಅದು.

ಈಸೂರೆಂದರೆ ಹೊರಗಿನವರಿಗೆ ಸ್ವಾತಂತ್ರ್ಯ ಹೋರಾಟದ ಊರು. ನನಗೆ ಅದು ಅಕ್ಕನನ್ನು ಕೊಟ್ಟ ಊರು. ಅವಳಿಗೂ ಚಿಕ್ಕಂದಿನಿಂದ ದೂರದ್ದು ಕಾಣುತ್ತಿರಲಿಲ್ಲ. ಹೆಣ್ಣುಮಗಳಿಗೆ ಕನ್ನಡಕವೇಕೆಂದು ಮದುವೆಯ ತನಕ ಯಾರೂ ಹಾಕಿಸಲಿಲ್ಲ. ಒಮ್ಮೆ ನಾನು ಹೋದಾಗ ಅವಳು ಅಂಗಳದಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು. ನಡುನಡುವೆ ಮೊರವನ್ನು ಮಡಿಲಿಗಿಳಿಸಿ, ಮುಖದ ಎಡಗಡೆಯ ಗಾಳಿಗೆ ಕೈ ಬೀಸುತ್ತಿದ್ದಳು.

"ಏನಕ್ಕಾ ಅದು?"

"ನೊಣ ಕಣೋ. ಓಡಿಸಿದ್ರೆ ಹೋಗೂದಿಲ್ಲ. ನಾ ನೋಡಿದ ಕಡಿಗೇ ಬರ್ತೈತಿ."

ನೊಣವಿರಲಿಲ್ಲ. ಭಾವನವರಿಗೆ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ, "ಹಬ್ಬ ಒಂದು ಮುಗೀಲಿ, ದವಾಖಾನಿಗೆ ತೋರಿಸೋಣಂತ" ಎಂದರು. ಹಬ್ಬ ಮುಗಿಯುವ ಹೊತ್ತಿಗೆ ಎಡಗಣ್ಣಿಗೆ ಬದಿಯಿಂದ ಕತ್ತಲ ಪರದೆ ಇಳಿದಿತ್ತು. ಮುಂದೆ ಇನ್ನೊಂದಕ್ಕೂ ಇಳಿಯಿತು. ಉಳಿದ ಆಯುಷ್ಯವನ್ನೆಲ್ಲ ಅಕ್ಕ ಬೆರಳಿನಲ್ಲೇ ಅಕ್ಕಿಯ ಕಲ್ಲು ಹುಡುಕುತ್ತ ಕಳೆದಳು.

ಮೊಮ್ಮಗಳ ನಂಬರು ಏರತೊಡಗಿತು. ಪ್ರತಿ ಸಲ ಕನ್ನಡಕ ಬದಲಾದಾಗಲೂ ಗಾಜು ಹಿಂದಿನದಕ್ಕಿಂತ ದಪ್ಪ. ಬಸ್ ಸ್ಟ್ಯಾಂಡ್ ಹತ್ತಿರದ ಕನ್ನಡಕದ ಅಂಗಡಿಯವನು, "ಬೆಳೆಯೋ ಮಗು ಅಲ್ವಾ ಸಾರ್, ಜೊತೆಗೆ ನಂಬರೂ ಬೆಳೀತದೆ" ಎಂದು ನಕ್ಕ. ಆ ನಗುವಿಗೂ ನಾನು ನೆನಪಿನಲ್ಲಿ ಒಂದು ಜಾಗ ಕೊಟ್ಟಿದ್ದೇನೆ.

ಅದೇ ವರ್ಷ ದೂರದ ನಗರದ ಆಸ್ಪತ್ರೆಯೊಂದರಿಂದ ಸಂಶೋಧಕರ ತಂಡ ಅವಳ ಶಾಲೆಗೆ ಬಂತು. ಮಕ್ಕಳಲ್ಲಿ ಸಮೀಪದೃಷ್ಟಿ ಹೇಗೆ ಏರುತ್ತದೆ, ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆದರೆ ಆ ಏರಿಕೆ ತಗ್ಗುತ್ತದೆಯೇ ಎಂಬುದು ಅವರ ಶೋಧ. ಆಯ್ದ ಮಕ್ಕಳ ಕಣ್ಣನ್ನು ಆಗಾಗ ಬಂದು ಅಳೆಯುತ್ತಾರೆ. ನಡುವಿನ ದಿನಗಳಿಗಾಗಿ ಪ್ರತಿ ಮಗುವಿನ ಕೈಗೂ ವಾಚಿನಂಥದೊಂದು ಸಾಧನವನ್ನು ಕಟ್ಟುತ್ತಾರೆ. ಅದು ಗಂಟೆ ತೋರಿಸುವುದಿಲ್ಲ. ತನ್ನ ಮೇಲೆ ಬಿದ್ದ ಬೆಳಕನ್ನು ಗುರುತಿಟ್ಟುಕೊಂಡು ಆ ಲೆಕ್ಕವನ್ನು ತಂಡಕ್ಕೆ ಕಳಿಸುತ್ತದೆ. ಆಯ್ದವರಲ್ಲಿ ನಮ್ಮ ಮಗುವೂ ಇದ್ದಳು. ನಾನು ಶಿಕಾರಿಪುರದಿಂದ ಬಸ್ಸು ಹತ್ತಿ ಹೋದೆ.

ಅಲ್ಲಿದ್ದ ಸಹಾಯಕನೊಬ್ಬ ನನ್ನ ಮುಖವನ್ನೂ ನೋಡದೆ, "ಅಜ್ಜಾ, ಸಹಿ ಅಪ್ಪ ಅಮ್ಮಂದೇ ಆಗ್ಬೇಕು. ನೀವು ಆ ಕಡೆ ಕೂತ್ಕಳಿ" ಎಂದ. ಆ ಕಡೆ ಇದ್ದದ್ದು ಒಂದನೇ ತರಗತಿಯ ಬೆಂಚು. ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತೆ. ಆದರೆ ತಂಡದ ವೈದ್ಯೆ, ಎಳೆಯ ಪ್ರಾಯದ ಹೆಣ್ಣುಮಗಳು, ತಾನಾಗಿಯೇ ಎದ್ದು ಬಂದು ನನ್ನೆದುರು ನಿಂತು ವಂಶದಲ್ಲಿ ಯಾರಿಗಾದರೂ ಕಣ್ಣಿನ ತೊಂದರೆಯಿತ್ತೇ ಎಂದು ಕೇಳಿದಳು. ಅಕ್ಕನ ವಿಷಯ ಹೇಳಿದೆ. ಅವಳು ಅದನ್ನು ಬರೆದುಕೊಂಡಳು.

"ಕಣ್ಣುಗುಡ್ಡೆ ಹಿಂದಕ್ಕೆ ಉದ್ದ ಬೆಳೀತಾ ಹೋಗುತ್ತೆ ಸರ್," ಎಂದಳು. "ಒಳಗಿನ ಪೊರೆ ಅದಕ್ಕೆ ತಕ್ಕಂತೆ ಬೆಳೆಯಲ್ಲ. ಎಳೆದ ಹಾಗೆಲ್ಲ ತೆಳ್ಳಗಾಗುತ್ತೆ. ಎಲ್ಲರಿಗೂ ಹರಿಯುತ್ತೆ ಅಂತಲ್ಲ. ಆದರೆ ನಂಬರು ಹೆಚ್ಚಾದಷ್ಟೂ ನಾವು ಹುಷಾರಾಗಿರಬೇಕು."

ಅಕ್ಕಿ ರೊಟ್ಟಿಯನ್ನು ತೆಳ್ಳಗೆ ತಟ್ಟಹೋಗಿ ನಡುವೆ ಬಿರುಕು ಬಿಟ್ಟದ್ದನ್ನು ಕಂಡವನಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ಮಗು ವಾಚು ಕಟ್ಟಿಕೊಂಡು ಹೊರಬಂದಳು. "ಅಜ್ಜ, ಇದಕ್ಕೆ ಕಣ್ಣಿದೆಯಂತೆ. ನಾನು ಎಲ್ಲಿದ್ದೀನಿ ಅಂತ ನೋಡ್ತಿರತ್ತಂತೆ" ಎಂದಳು. ಅವಳಿಗೆ ಅದು ಆಟ.

ಈಗ ಕೋಚಿಂಗ್ ವಿಷಯ. ಐದನೇ ತರಗತಿಯ ಮಕ್ಕಳನ್ನು ವಸತಿಶಾಲೆಯ ಪ್ರವೇಶ ಪರೀಕ್ಷೆಗೆ ಹುರಿಗೊಳಿಸುವುದು ನಮ್ಮ ಎರಡೂ ತಾಲ್ಲೂಕುಗಳಲ್ಲಿ ಈಗ ಮದುವೆಗಿಂತ ದೊಡ್ಡ ಕಾರ್ಯವಾಗಿದೆ. ಬೆಳಿಗ್ಗೆ ಶಾಲೆಗೆ ಮುಂಚೆ ಕೋಚಿಂಗ್, ಸಂಜೆ ಶಾಲೆ ಬಿಟ್ಟ ಮೇಲೆ ಕೋಚಿಂಗ್, ಭಾನುವಾರ ಮಾದರಿ ಪರೀಕ್ಷೆ. ಮೊಮ್ಮಗಳ ಕೋಚಿಂಗ್ ನಡೆಯುತ್ತಿದ್ದದ್ದು ಗೊಬ್ಬರದ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಅದಕ್ಕೆ ಕಿಟಕಿಯಿತ್ತು, ಮಕ್ಕಳ ಗಮನ ಬೀದಿಗೆ ಹರಿಯಬಾರದೆಂದು ಮೇಷ್ಟರು ಅದಕ್ಕೆ ರಟ್ಟು ಬಡಿದಿದ್ದರು. ಪರೀಕ್ಷಾ ಕೊಠಡಿಗೆ ವಾಚು ಬಿಡುವುದಿಲ್ಲ, ಈಗಿನಿಂದಲೇ ರೂಢಿಯಾಗಲಿ ಎಂದು ಅವರು ಎಲ್ಲ ಮಕ್ಕಳ ವಾಚನ್ನೂ ಬಿಚ್ಚಿಸಿದರು. ಬೆಳಕಿನ ವಾಚೂ ಮೊದಲು ಇಳಿದದ್ದು ಹೀಗೆ.

ಕೆಲವು ದಿನಗಳ ಮೇಲೆ ಸಂಶೋಧನಾ ತಂಡದಿಂದ ಅಳಿಯನಿಗೆ ಫೋನು ಬಂತು. ನಿಮ್ಮ ಮಗುವಿಗೆ ಬೀಳುತ್ತಿರುವ ಬೆಳಕು ತೀರ ಕಡಿಮೆ, ದಯವಿಟ್ಟು ಹೊರಗೆ ಆಡಲು ಬಿಡಿ ಎಂದರಂತೆ. ಇದನ್ನು ಮಗಳು ನನಗೆ ಹೇಳಲಿಲ್ಲ. ನನಗೆ ತಿಳಿದದ್ದು ಅವರ ಮನೆಯ ಟೆರೇಸಿನಲ್ಲಿ.

ಒಂದು ಭಾನುವಾರ ಮಧ್ಯಾಹ್ನ ಹೋಗಿದ್ದೆ. ಬೀಗಿತಿಯವರು ಮೇಲೆ ಸಂಡಿಗೆ ಒಣಗಿಸುತ್ತಿದ್ದರು. ಮಾತನಾಡಿಸೋಣವೆಂದು ಮೆಟ್ಟಿಲು ಹತ್ತಿದೆ. ಹಳೆಯ ಸೀರೆಯ ಮೇಲೆ ಸಂಡಿಗೆ ಹರಡಿತ್ತು. ಅದರ ಮೇಲೆ ಕಟ್ಟಿದ ಬಟ್ಟೆಯ ತಂತಿಗೆ, ಎರಡು ಕ್ಲಿಪ್ಪುಗಳ ನಡುವೆ, ಮುಖವನ್ನು ನೇರ ಸೂರ್ಯನಿಗೊಡ್ಡಿ ಆ ವಾಚು ತೂಗುತ್ತಿತ್ತು. ಕೆಳಗೆ ಮುಚ್ಚಿದ ಕೋಣೆಯೊಳಗಿಂದ ಮಗು ಮಗ್ಗಿ ಒಪ್ಪಿಸುವ ದನಿ ಕೇಳುತ್ತಿತ್ತು.

"ಇದೇನು ಬೀಗಿತಿಯವರೇ?"

"ಬಿಸಿಲಿಗೆ ಇಟ್ಟಿದ್ದು."

"ಬಿಸಿಲಿಗೆ ಬಿಡಬೇಕಾದ್ದು ಮಗುವನ್ನಲ್ಲವೇ?"

"ಮಗೂನ ಬಿಟ್ರೆ ಓದೋರ್ಯಾರು, ನಾನಾ?" ಆಕೆ ಕಾಗೆಯೊಂದನ್ನು ಓಡಿಸಿದರು. "ಬೆಳಕು ಕಮ್ಮಿ ಬಿದ್ದಿದೆ ಅಂತ ಫೋನ್ ಮಾಡಿದ್ರು ಬೀಗರೇ. ಇಡೀ ಶಾಲೇಲಿ ನಮಗೊಬ್ರಿಗೇ ಫೋನು. ನನ್ನ ಮಗ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಈಗ ಕೇಳಿ ನೋಡಿ. ಬೆಳಕಲ್ಲಿ ನಮ್ಮೋಳೇ ಮುಂದಂತೆ."

ಮುಂದಂತೆ. ಆ ಪದವನ್ನು ಆಕೆ ಎಂಥ ತೃಪ್ತಿಯಿಂದ ಆಡಿದರೆಂದರೆ, ಮೋಸವೆಂಬ ಭಾವನೆಯೇ ಅಲ್ಲಿರಲಿಲ್ಲ. ಹೊರಗಿನಿಂದ ಮನೆಗೆ ಬರುವ ಅಂಕಿ ಯಾವುದಾದರೂ ಸರಿ, ನಮ್ಮವರಿಗೆ ಅದು ಮಾರ್ಕ್ಸು. ಕಡಿಮೆ ಬಂದರೆ ಅವಮಾನ, ಹೆಚ್ಚು ಬಂದರೆ ಸಿಹಿ. ಅಳತೆಗೆ ಬಂದವರನ್ನೂ ಪರೀಕ್ಷೆಗೆ ಬಂದವರೆಂದೇ ತಿಳಿದು, ಮಗುವಿನ ಬದಲು ವಾಚನ್ನು ತೇರ್ಗಡೆ ಮಾಡಿಸಿದ್ದರು.

ಕೆಳಗಿಳಿದು ಮಗಳನ್ನು ಕೇಳಿದೆ. ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಪರೀಕ್ಷೆ ಒಂದು ಮುಗೀಲಿ ಅಪ್ಪಾಜಿ. ಆಮೇಲೆ ದಿನಾ ಬಿಸಿಲಲ್ಲೇ ಬಿಡ್ತೀನಿ."

"ನಿನ್ನ ಈಸೂರಿನ ಮಾವ ಹಬ್ಬ ಒಂದು ಮುಗೀಲಿ ಅಂದಿದ್ದರು."

"ಮಗು ಮುಂದೆ ಆ ಕತೆ ತೆಗೀಬೇಡಿ" ಎಂದಳು. ಆದರೂ ವಾಚನ್ನು ಮಗುವಿನ ಕೈಗೇ ಕಟ್ಟುತ್ತೇನೆಂದು, ದಿನಕ್ಕಿಷ್ಟು ಹೊತ್ತು ಅಂಗಳಕ್ಕೆ ಬಿಡುತ್ತೇನೆಂದು ಮಾತು ಕೊಟ್ಟಳು. ನಂಬಿ ಬಸ್ಸು ಹತ್ತಿದೆ.

ಮುಂದಿನ ಅಳತೆಗೆ ಯಾರೂ ನನ್ನನ್ನು ಕರೆಯಲಿಲ್ಲ, ಹೋದೆ. ಅದೇ ವೈದ್ಯೆ ಲ್ಯಾಪ್‌ಟಾಪಿನ ಪರದೆಯನ್ನು ಬಹಳ ಹೊತ್ತು ನೋಡಿದಳು. ಮಗುವಿನ ಕಣ್ಣನ್ನು ಮತ್ತೊಮ್ಮೆ ಅಳೆದಳು. ಅನಂತರ ಮಗಳು ಅಳಿಯಂದಿರನ್ನು ಕೂರಿಸಿಕೊಂಡು ಹೇಳಿದಳು: "ಕಣ್ಣು ಇನ್ನೂ ಉದ್ದ ಆಗಿದೆ. ಇಷ್ಟು ಬೇಗ ಆಗಬಾರದಿತ್ತು. ಬೆಳಕೇನೋ ಚೆನ್ನಾಗೇ ಬಿದ್ದಿದೆ, ದಿನಾ ಗಂಟೆಗಟ್ಟಲೆ ಹೊರಗಿದ್ದಾಳೆ. ಹಾಗಾದ್ರೆ ಈ ಮಗು ವಿಷಯದಲ್ಲಿ ಬೆಳಕಿಂದ ಉಪಯೋಗ ಆಗ್ತಿಲ್ಲ ಅಂತ ಕಾಣುತ್ತೆ. ವಂಶದ್ದೇ ಹೆಚ್ಚು."

ಕೊಟ್ಟ ಮಾತು ಏನಾಯಿತೆಂಬುದು ಆಗ ತಿಳಿಯಿತು. ಅಳಿಯ ನೆಲ ನೋಡುತ್ತಿದ್ದ. ಮಗಳು ಸೆರಗಿನ ಅಂಚನ್ನು ಮಡಚುತ್ತಿದ್ದಳು. ಇಬ್ಬರಲ್ಲೊಬ್ಬರು ಬಾಯಿ ಬಿಡಲೆಂದು ಕಾದೆ. ಸಾಕಷ್ಟು ಕಾದೆ. ನನ್ನ ವಂಶದ ಮೇಲೆ ಬಂದ ಮಾತನ್ನು ನುಂಗಬಹುದಿತ್ತು. ಆದರೆ ಆ ಸುಳ್ಳನ್ನು ನಂಬಿ ಮಗುವಿಗೆ ಬಿಸಿಲೇ ಬೇಡವೆಂದು ತೀರ್ಮಾನವಾಗುತ್ತಿತ್ತು.

"ಬಿಸಿಲಿನಲ್ಲಿದ್ದದ್ದು ವಾಚು, ಮಗುವಲ್ಲ" ಎಂದೆ.

ವೈದ್ಯೆ ನನ್ನ ಕಡೆ ತಿರುಗಲಿಲ್ಲ. ಮಗುವಿನ ಕಡೆ ಬಾಗಿ, "ಪುಟ್ಟಾ, ಶಾಲೆ ಬಿಟ್ಟ ಮೇಲೆ ನೀನು ಎಲ್ಲಿರ್ತೀಯ?" ಎಂದಳು.

"ಒಳಗೆ. ವಾಚು ಮೇಲಿರತ್ತೆ, ಸಂಡಿಗೆ ಹತ್ರ."

ವೈದ್ಯೆ ಮಗುವಿನ ಕೈಯಿಂದ ವಾಚನ್ನು ಬಿಚ್ಚಿ ಚೀಲದೊಳಗಿಟ್ಟಳು. ಇನ್ನು ಈ ಮಗುವಿನ ಬೆಳಕಿನ ಲೆಕ್ಕವನ್ನು ಶೋಧಕ್ಕೆ ಸೇರಿಸಿಕೊಳ್ಳಲಾಗದು ಎಂದಳು. "ಅದು ಹೋಗಲಿ. ಇವಳನ್ನು ಶಿವಮೊಗ್ಗಕ್ಕೆ ಕರಕೊಂಡು ಹೋಗಿ, ಕಣ್ಣಿಗೆ ಡ್ರಾಪ್ಸ್ ಹಾಕಿಸಿ ಹಿಂಭಾಗ ಪೂರ್ತಿ ನೋಡಿಸಿ. ತಡ ಮಾಡಬೇಡಿ. ಮಿಂಚು ಹೊಡೆದ ಹಾಗೆ, ಕಪ್ಪು ಚುಕ್ಕೆ ಓಡಾಡಿದ ಹಾಗೆ ಏನಾದ್ರೂ ಕಂಡರೆ ಅವತ್ತೇ ಹೊರಡಿ."

ಶಾಲೆಯ ಗೇಟಿನ ಹೊರಗೆ ಅಳಿಯ ಸ್ಕೂಟರಿಗೆ ಬೀಗದ ಕೈ ಹಾಕುತ್ತ, "ಎಲ್ಲರ ಮುಂದೆ ಹೇಳ್ಬೇಕಿತ್ತಾ ಮಾವ?" ಎಂದ. ನಾಲ್ಕಾರು ದಿನ ಬಿಟ್ಟು ಬೀಗಿತಿಯವರ ಸಂದೇಶ ಮಗಳ ಬಾಯಲ್ಲಿ ಬಂತು: ಪರೀಕ್ಷೆ ಮುಗಿಯುವವರೆಗೆ ಬೀಗರು ಬರದಿದ್ದರೆ ಮಗುವಿನ ಮನಸ್ಸು ಒಂದೆಡೆ ನಿಲ್ಲುತ್ತದೆ. ಶಿವಮೊಗ್ಗದ ಮಾತೂ ಪರೀಕ್ಷೆಯ ಆಚೆಗೆ ಸರಿದಿತ್ತು. ದಿನವೂ ಫೋನು ಮಾಡಿದೆ. ಮಗು ಚೆನ್ನಾಗಿದ್ದಾಳೆ, ಓದುತ್ತಿದ್ದಾಳೆ ಎಂಬುದೊಂದೇ ಉತ್ತರ.

ಪರೀಕ್ಷೆಗೆ ವಾರವಿರುವಾಗ ನನ್ನಿಂದ ತಡೆಯಲಾಗಲಿಲ್ಲ. ಬರಬೇಡಿ ಎಂದ ಮನೆಗೆ ಹೋಗುವುದು ನನ್ನ ಜಾಯಮಾನವಲ್ಲ, ಆದರೂ ಹೋದೆ. ಶಾಲೆಗೆ ರಜೆಯಿದ್ದ ದಿನ, ಹತ್ತರ ಬಿಸಿಲು. ಮನೆಯ ಮುಂದಿನ ಜಗಲಿಯಲ್ಲಿ, ಎಳೆದು ಕಟ್ಟಿದ ಪ್ಲಾಸ್ಟಿಕ್ ಹೊದಿಕೆಯ ನೆರಳಿನಲ್ಲಿ, ಮಗು ತೊಡೆಯ ಮೇಲೆ ಪುಸ್ತಕವಿಟ್ಟು ಕೂತಿದ್ದಳು. ನನ್ನನ್ನು ಗುರುತಿಸಲು ಅವಳಿಗೆ ನಾನು ಗೇಟು ದಾಟಿ ಒಳಬರಬೇಕಾಯಿತು.

"ಅಜ್ಜ" ಎಂದು ನಕ್ಕಳು. ಮತ್ತೆ ಪುಸ್ತಕಕ್ಕೆ ಬಾಗಿದಳು. ಒಂದು ಸಾಲು ಓದಿದಳು. ಆಮೇಲೆ ಎಡಗೈ ಎತ್ತಿ, ಮುಖದ ಪಕ್ಕದ ಗಾಳಿಗೆ ಬೀಸಿದಳು.

ನಾನು ನಿಂತಲ್ಲೇ ನಿಂತೆ. "ಸೊಳ್ಳೆಯಾ ಪುಟ್ಟಾ?"

"ಅಲ್ಲ ಅಜ್ಜ. ಸಣ್ಣ ನೊಣ. ಎಷ್ಟು ಓಡಿಸಿದ್ರೂ ಹೋಗಲ್ಲ. ನಾನು ನೋಡಿದ ಕಡೆಗೇ ಬರತ್ತೆ."

"ಯಾವತ್ತಿಂದ?"

"ನಿನ್ನೆ ಕೋಚಿಂಗಲ್ಲೂ ಇತ್ತು. ಮೇಷ್ಟ್ರು ಕೈ ಆಡಿಸ್ಬೇಡ ಅಂತ ಬೈದ್ರು."

ಪುಸ್ತಕವನ್ನು ಅವಳ ತೊಡೆಯಿಂದ ತೆಗೆದು ಮುಚ್ಚಿದೆ. ಬೀಗಿತಿಯವರು ಬಾಗಿಲಿಗೆ ಬಂದರು. "ಮುಂದಿನ ವಾರ ಪರೀಕ್ಷೆ ಬೀಗರೇ, ಈಗೆಂತ ಕರಕೊಂಡು ಹೋಗ್ತೀರಿ?" ಎಂದರು. ಆಕೆಗೆ ಕೊಡಬೇಕಾದ ಉತ್ತರಗಳನ್ನು ಮೊದಲ ಕನ್ನಡಕ ಬಂದ ದಿನದಿಂದ ಜೋಡಿಸಿಟ್ಟುಕೊಂಡಿದ್ದೆ. ಒಂದನ್ನೂ ಕೊಡಲಿಲ್ಲ. ಆಕೆಯ ಹಿಂದೆ ನಿಂತಿದ್ದ ಮಗಳನ್ನು ನೋಡಿ, "ಇವಳ ಚಪ್ಪಲಿ ಎಲ್ಲಿವೆ?" ಎಂದೆ.

ಮಗಳು ನನ್ನ ಮುಖ ನೋಡಿದಳು, ಅನಂತರ ಮಗುವಿನ ಎತ್ತಿದ ಕೈಯನ್ನು. ಅತ್ತೆಯ ಪಕ್ಕದಿಂದ ನುಸುಳಿ ಬಂದು, ಚಪ್ಪಲಿ ತಂದು, ತಾನೇ ಬಗ್ಗಿ ಮಗುವಿನ ಕಾಲಿಗೆ ತೊಡಿಸಿದಳು. ಎದ್ದಾಗ ಅವಳ ಕಾಲಲ್ಲೂ ಚಪ್ಪಲಿಯಿತ್ತು.

ಶಿವಮೊಗ್ಗದ ಬಸ್ಸಿನಲ್ಲಿ ಮಗುವನ್ನು ಕಿಟಕಿಯ ಪಕ್ಕ ಕೂರಿಸಿದೆವು. ಎಷ್ಟೋ ತಿಂಗಳ ಮೇಲೆ ಅವಳ ಮುಖದ ಮೇಲೆ ನೇರ ಬಿಸಿಲು ಬಿದ್ದಿತ್ತು. ಗದ್ದೆ, ಕೆರೆ, ಕರೆಂಟಿನ ಕಂಬಗಳು ಓಡುತ್ತಿದ್ದವು. ಅವಳು ಖುಷಿಯಿಂದ ನೋಡುತ್ತಿದ್ದಳು. ಮಗಳು ನನ್ನ ತೋಳು ಹಿಡಿದು ಮೆಲ್ಲಗೆ, "ಈಸೂರಿನ ಅತ್ತೆಗೆ ನೊಣ ಕಂಡ ಮೇಲೆ ಪರದೆ ಇಳಿಯೋಕೆ ಎಷ್ಟು ದಿನ ಆಗಿತ್ತು ಅಪ್ಪಾಜಿ?" ಎಂದಳು. ಏನನ್ನೂ ಮರೆಯದ ನನಗೆ ಅದು ಗೊತ್ತಿತ್ತು. ಹೇಳಲಿಲ್ಲ.

ಮಗು ಬಿಸಿಲಿನ ಕಡೆಗೇ ಮುಖ ಮಾಡಿಕೊಂಡು, ಮತ್ತೊಮ್ಮೆ ಕೈ ಬೀಸಿದಳು.