ಧಾರೆ ಕಡಿಯಬಾರದು

ಜಿಪ್ಪಮ್ಮನ ಕಸುಬು ಹೊಲಿಗೆ. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದ ಅಂಗಿ ಸಡಿಲ ಬಿಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಕೆಟ್ಟುಹೋದ ಜಿಪ್ಪು ಬದಲಿಸುವುದು. ಆ ಹೆಸರು ಬಂದದ್ದೇ ಹಾಗೆ. ಹುಟ್ಟಿದಾಗ ಇಟ್ಟ ಹೆಸರಿನಿಂದ ಕರೆಯುತ್ತಿದ್ದವನು ಗಂಡ ಒಬ್ಬನೇ, ಅವನು ಹೋಗಿ ಬಹಳ ಕಾಲವಾಯಿತು.

ಕಸುಬು ಅದಾದರೆ, ಅವಳ ಧರ್ಮದ ಕೆಲಸ ಹೆಣ ತೊಳೆಯುವುದು. ಅವಳು ಯೆಹೂದಿ. ಅವರಲ್ಲಿ ಗಂಡಸರ ಹೆಣವನ್ನು ಗಂಡಸರು ತೊಳೆಯಬೇಕು, ಹೆಂಗಸರದ್ದನ್ನು ಹೆಂಗಸರು. ಗಂಡಸರು ಯಾರೂ ಸಿಗಲಿಲ್ಲವೋ, ಗಂಡಸಿನ ಹೆಣವನ್ನು ಹೆಂಗಸು ತೊಳೆದರೂ ನಡೆಯುತ್ತದೆ. ಆದರೆ ಹೆಂಗಸಿನ ಹೆಣವನ್ನು ತೊಳೆಯಲು ಗಂಡಸು ಕೈ ಹಾಕುವಂತಿಲ್ಲ. ಇದೆಂಥ ನ್ಯಾಯ ಎಂದು ಮದುವೆಯಾದ ಹೊಸದರಲ್ಲಿ ಅತ್ತೆಯನ್ನು ಕೇಳಿ ಚೆನ್ನಾಗಿ ಬೈಸಿಕೊಂಡಿದ್ದಳು.

ಪ್ರಾರ್ಥನಾ ಮಂದಿರದಲ್ಲಿ ಹತ್ತು ಗಂಡಸರು ಸೇರದಿದ್ದರೆ ಮುಖ್ಯ ಪ್ರಾರ್ಥನೆಗಳು ನಡೆಯುವುದಿಲ್ಲ. ಮಹಡಿಯ ಜಾಲರಿಯ ಹಿಂದೆ ಹೆಂಗಸರು ಕಿಕ್ಕಿರಿದು ಕೂತಿದ್ದರೂ ಅವರು ಲೆಕ್ಕಕ್ಕಿಲ್ಲ. ತೊಳೆಯುವ ಕೋಣೆಯಲ್ಲಿ ಮಾತ್ರ ಹೆಂಗಸರದೇ ದರ್ಬಾರು. ಅಲ್ಲಿಗೆ ಯಾವ ಹಿರಿಯನೂ ತಲೆ ಹಾಕುವ ಹಾಗಿಲ್ಲ. ಬದುಕಿದ್ದಾಗ ಸಿಗದ ಮರ್ಯಾದೆ ಸತ್ತ ಮೇಲೆ ಒಂದು ಗಳಿಗೆ ಸಿಗುತ್ತದೆ, ಏನು ಮಹಾ ಉಪಕಾರ!

ಆ ಕೋಣೆಯಲ್ಲಿ ಜಿಪ್ಪಮ್ಮನ ಜೊತೆಗಾತಿ ಅವಳ ನಾದಿನಿ. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವಳು. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಅತ್ತಿಗೆಯ ಹೊಲಿಗೆ ಸೊಟ್ಟ, ಅಡುಗೆ ಸಪ್ಪೆ, ನಡಿಗೆ ದಬದಬ. ನಾದಿನಿಯ ಪ್ರಕಾರ ಅವಳು ಸೀನಿದರೂ ತಪ್ಪು. ಆದರೆ ಆ ಕೋಣೆಯ ಬಾಗಿಲು ಮುಚ್ಚಿದರೆ ಇಬ್ಬರ ಬಾಯಿಗೂ ಬೀಗ. ಹೆಣದ ಮುಂದೆ ಹರಟುವಂತಿಲ್ಲ. ಒಬ್ಬಳು ಕೈ ಚಾಚಿದರೆ ಇನ್ನೊಬ್ಬಳು ಬಟ್ಟೆ ಕೊಡುತ್ತಿದ್ದಳು, ಒಬ್ಬಳು ಭುಜ ಎತ್ತಿದರೆ ಇನ್ನೊಬ್ಬಳು ಸೊಂಟ ಹಿಡಿಯುತ್ತಿದ್ದಳು.

ಕೊನೆಗೆ ತಲೆಯಿಂದ ಕಾಲಿನವರೆಗೆ ನೀರು ಸುರಿಯಬೇಕು. ಆ ಧಾರೆ ಕಡಿಯಬಾರದು. ಒಬ್ಬಳ ಬಕೆಟ್ಟು ಖಾಲಿಯಾಗುವ ಮೊದಲೇ ಇನ್ನೊಬ್ಬಳದು ಶುರುವಾಗಬೇಕು. ನಲ್ಲಿಯ ಪೈಪು ಹಿಡಿಯುವುದು ಅವರಲ್ಲಿ ಇಲ್ಲ, ಕೈಯಲ್ಲಿ ಎತ್ತಿಯೇ ಸುರಿಯಬೇಕು. ಕಡಿಯದ ಧಾರೆಯಲ್ಲಿ ಮಿಂದವಳು ಮಾತ್ರ ಶುದ್ಧಳಾಗಿ ದೇವರ ಮುಂದೆ ನಿಲ್ಲುತ್ತಾಳೆ ಎಂದು ಇಬ್ಬರೂ ನಂಬಿದ್ದರು. ಇಬ್ಬರಿಗೂ ಒಪ್ಪಿಗೆಯಿದ್ದ ವಿಷಯ ಬಹುಶಃ ಅದೊಂದೇ.

ಸಮುದಾಯ ಕರಗುತ್ತಾ ಬಂತು. ಹೆಣ್ಣುಮಕ್ಕಳು ಮದುವೆಯಾಗಿ ದೂರದೂರ ಹೋದರು. ಉಳಿದ ಮುದುಕಿಯರಲ್ಲಿ ಒಬ್ಬಳು ಹಾಸಿಗೆ ಹಿಡಿದಳು, ಇನ್ನೊಬ್ಬಳಿಗೆ ತನ್ನ ಮಕ್ಕಳ ಗುರುತೇ ಇಲ್ಲ. ಹೀಗಿರುವಾಗ ನಾದಿನಿ ಆಸ್ಪತ್ರೆ ಸೇರಿದಳು.

"ಅತ್ತಿಗೆ, ನನ್ನ ಧಾರೆ ಕಡಿಯೋಕೆ ಬಿಡ್ಬೇಡ," ಎಂದಳು, ಮೂಗಿನ ನಳಿಕೆ ಸರಿಸಿಕೊಂಡು.

"ಬಾಯ್ಮುಚ್ಕೊಂಡು ಮಲಕ್ಕೋ. ನೀನು ನನ್ನನ್ನ ತೊಳೆದೇ ಹೋಗೋದು."

"ಮಾತು ಕೊಡು."

"ಕೊಟ್ಟೆ ಕಣೆ. ಕಡಿಯಲ್ಲ."

ಮರುದಿನ ಬೆಳಿಗ್ಗೆ ನಾದಿನಿ ಹೋದಳು. ಜಿಪ್ಪಮ್ಮನಿಗೆ ಅಳು ಬರುವ ಮೊದಲು ಹೆದರಿಕೆ ಬಂತು. ಇನ್ನೊಂದು ಬಕೆಟ್ಟು ಎತ್ತುವವರು ಯಾರು? ಬೇರೆ ಊರಿನ ಹೆಂಗಸರನ್ನು ಕರೆಸೋಣವೆಂದರೆ ಅವರು ಬರುವುದು ನಾಳೆ, ಹೆಣವನ್ನು ಅಷ್ಟು ಹೊತ್ತು ಕಾಯಿಸುವಂತಿಲ್ಲ.

ಅವಳ ಅಂಗಡಿಯ ಪಕ್ಕದಲ್ಲಿ ಇಸ್ತ್ರಿಯವಳ ಅಂಗಡಿ. ಗಟ್ಟಿ ಆಳು. ಅವಳದು ಬೇರೆ ಮತ. ಅವಳೂ ತಮ್ಮ ಮಸೀದಿಯ ಕಡೆಯ ಹೆಂಗಸರು ಸತ್ತರೆ ತೊಳೆಯಲು ಹೋಗುವವಳೇ. ಇಬ್ಬರೂ ಬಿಡುವಿನಲ್ಲಿ ಟೀ ಕುಡಿಯುತ್ತಾ ಈ ಮಾತೇ ಆಡುವುದು. "ನಮ್ಮಲ್ಲೂ ಅಷ್ಟೇ ಕಣಕ್ಕ," ಎನ್ನುತ್ತಿದ್ದಳು, "ಬದುಕಿದ್ದಾಗ ಪರದೆ ಹಿಂದೆ, ಸತ್ತಾಗ ಬಾಗಿಲ ಹಿಂದೆ." ಸುದ್ದಿ ಕೇಳಿದವಳೇ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಕಿತ್ತು ಎದ್ದಳು. "ನಾನು ಬರ್ತೀನಿ ನಡಿ."

"ನಿಮ್ಮೋರು ಏನಾದ್ರೂ ಅಂದ್ರೆ?"

"ಕೇಳಿದ್ರೆ ತಾನೆ ಬೇಡ ಅನ್ನೋದು? ನಾನು ಕೇಳೋದೇ ಇಲ್ಲ."

ಆದರೆ ಜಿಪ್ಪಮ್ಮ ಕೇಳುವವಳು. ಕೇಳಿಯೇ ಬೆಳೆದವಳು. ಮಂದಿರದ ಹಿರಿಯನ ಗಡಿಯಾರದ ಅಂಗಡಿಗೆ ಹೋಗಿ ಕೇಳಿದಳು. ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದಿಟ್ಟ.

"ಹೊರಗಿನವರ ಕೈ ತಾಗಬಾರದಮ್ಮ."

"ನನ್ನ ಕೈ ಒಂದೇ ಸಾಲಲ್ಲ."

"ದೇವರು ನಡೆಸ್ತಾನೆ."

"ದೇವರು ಬಂದು ಬಕೆಟ್ ಎತ್ತುತ್ತಾನಾ?"

ಅವನು ಕೆಟ್ಟವನಲ್ಲ, ಅದೇ ಗೋಳು. ಕೆಟ್ಟವನಾಗಿದ್ದರೆ ನಾಲ್ಕು ಬೈದು ಬರಬಹುದಿತ್ತು. ಅವನ ಕಣ್ಣಲ್ಲಿ ನೀರಿತ್ತು. "ನಿಮಗೆ ಕಷ್ಟ ಆಗ್ತಿದೆ ಅಂತ ನಿಯಮ ಬದಲಾಯಿಸೋಕೆ ನಾನ್ಯಾರಮ್ಮ?" ಎಂದ. ಜಿಪ್ಪಮ್ಮ ಎದ್ದುಬಂದಳು.

ಇಸ್ತ್ರಿಯವಳು ಬಿಡಲಿಲ್ಲ, ಹಿಂದೆಯೇ ಬಂದಳು. "ತೊಳೆಯೋ ಕೋಣೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿರ್ತೀನಿ. ನೀನು ಚಿಲಕ ತೆಗೆದ್ರೆ ಒಳಗೆ ಬರ್ತೀನಿ. ಮುಂಬಾಗಿಲ ಕಡೆ ಕೂತಿರೋ ಗಂಡಸರಿಗೆ ಹೇಗೆ ಗೊತ್ತಾಗುತ್ತೆ?"

ಕೋಣೆಯೊಳಗೆ ಬಿಳಿ ಟೈಲ್ಸಿನ ಗೋಡೆ, ಮೂಲೆಯಲ್ಲಿ ನಲ್ಲಿ, ನಡುವೆ ಇಳಿಜಾರಿನ ಮೇಜು. ಜಿಪ್ಪಮ್ಮ ತೊಳೆದಳು. ಉಗುರಿನ ಸಂದು, ಕಿವಿಯ ಹಿಂದೆ, ಬೆರಳುಗಳ ನಡುವೆ. ಮಗ್ಗುಲು ತಿರುಗಿಸಲು ತನ್ನ ಮೊಣಕಾಲನ್ನೇ ಮೇಜಿಗೆ ಒತ್ತುಕೊಟ್ಟಳು. ನಾದಿನಿ ಇಷ್ಟು ಭಾರವಿದ್ದಳೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಆಮೇಲೆ ಬಕೆಟ್ಟು. ಎತ್ತಿ ಸುರಿದಳು. ಮೊದಲನೆಯದನ್ನು ಕೆಳಗಿಟ್ಟು ಎರಡನೆಯದನ್ನು ಎತ್ತುವಷ್ಟರಲ್ಲಿ ಧಾರೆ ಕಡಿಯಿತು. ಮತ್ತೆ ತುಂಬಿಸಿದಳು. ಒಂದು ಬಕೆಟ್ಟನ್ನು ಸ್ಟೂಲಿನ ಮೇಲಿಟ್ಟು ಮೊಣಕೈಯಿಂದ ಬಗ್ಗಿಸಲು ನೋಡಿದಳು. ಅದು ಜಾರಿ ನೆಲಕ್ಕೆ ಬಿದ್ದು ನೀರೆಲ್ಲ ಕಾಲ ಮೇಲೆ. ಮತ್ತೆ ತುಂಬಿಸಿದಳು. ಮತ್ತೆ ಕಡಿಯಿತು. ಹಾಳು ಕೈ, ಹಾಳು ಬಕೆಟ್ಟು, ಹಾಳು ಜನ್ಮ ಎಂದು ಮನಸ್ಸಿನಲ್ಲೇ ಬೈದುಕೊಂಡಳು.

ಹಿಂಬಾಗಿಲಿಗೆ ಹೋಗಿ ಚಿಲಕದ ಮೇಲೆ ಕೈಯಿಟ್ಟಳು. ಆಚೆ ಇಸ್ತ್ರಿಯವಳು ಕೆಮ್ಮಿದ್ದು ಕೇಳಿಸಿತು. ತಿರುಗಿ ನಾದಿನಿಯ ಮುಖ ನೋಡಿದಳು. ಅದೇ ಬಿಗಿದ ತುಟಿ, ಅದೇ ಕೊಂಕು. 'ಹೊರಗಿನವಳ ಕೈಯಲ್ಲಿ ತೊಳೆಸಿದೆಯಾ ಅತ್ತಿಗೆ?' ಎಂದು ಕೇಳುವ ಹಾಗಿತ್ತು. ಕಡಿದ ಧಾರೆಯನ್ನೂ ಒಪ್ಪದವಳು, ಹೊರಗಿನವಳ ಕೈಯನ್ನೂ ಒಪ್ಪದವಳು. ಯಾವುದನ್ನು ಮಾಡಿದರೂ ದ್ರೋಹವೇ. ಜಿಪ್ಪಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು.

ಇನ್ನೊಮ್ಮೆ ಸುರಿದಳು. ಕಡಿಯಿತು.

ಮುಂಬಾಗಿಲು ಬಡಿದ ಸದ್ದು. "ಆಯ್ತೇನಮ್ಮ? ಹೊತ್ತಾಯ್ತು," ಹಿರಿಯನ ದನಿ. "ಧಾರೆ ಸರಿಯಾಗಿ ಆಯ್ತಾ?"

"ಆಯ್ತು," ಎಂದಳು ಜಿಪ್ಪಮ್ಮ.

ತಾನೇ ಹೊಲಿದ ಬಿಳಿ ಬಟ್ಟೆ ತೊಡಿಸಿದಳು. ಗಂಡಸರು ಹೊತ್ತುಕೊಂಡು ಹೋದರು. ಹೋಗುವಾಗ ಹಿರಿಯ, "ನೀವು ಆರೋಗ್ಯ ನೋಡ್ಕೊಳ್ಳಿ, ಇನ್ನು ನೀವೊಬ್ಬರೇ," ಎಂದ. ನೋಡಿಕೊಳ್ಳದೆ ಏನು! ಅವರಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವ ವಾಡಿಕೆಯಿರಲಿಲ್ಲ. ಅವಳು ಉಳಿದು ನೆಲ ಒರೆಸಿದಳು, ಬಕೆಟ್ಟು ಬೋರಲು ಹಾಕಿದಳು. ಆಮೇಲೆ ಹಿಂಬಾಗಿಲು ತೆರೆದಳು.

ಇಸ್ತ್ರಿಯವಳು ಮೆಟ್ಟಿಲ ಮೇಲೆ ಹಾಗೇ ಕೂತಿದ್ದಳು. "ನಂಗೆಲ್ಲ ಕೇಳಿಸ್ತು," ಎಂದಳು.

ಜಿಪ್ಪಮ್ಮ ಅವಳ ಪಕ್ಕ ಕುಸಿದು ಕೂತು ಅತ್ತಳು. ಮಾತು ಕೊಟ್ಟಿದ್ದೆ ಕಣೆ, ಮಾತು ಕೊಟ್ಟಿದ್ದೆ, ಎಂದು ಬಿಕ್ಕಿ ಬಿಕ್ಕಿ ಅತ್ತಳು. ಇಸ್ತ್ರಿಯವಳು ಅವಳ ಒದ್ದೆ ಕೈಗಳನ್ನು ತನ್ನ ಸೆರಗಿನಿಂದ ಒರೆಸಿದಳು.

"ನಿನ್ನ ಸಲ ನಾನು ಯಾರನ್ನೂ ಕೇಳಲ್ಲ ಅಕ್ಕ. ಇಲ್ಲೇ ಬಂದು ಕೂರ್ತೀನಿ. ಬಾಗಿಲು ತೆಗೆದ್ರೆ ಸಾಕು."

"ಯಾರು ತೆಗೀತಾರೆ?" ಎಂದಳು ಜಿಪ್ಪಮ್ಮ. "ಚಿಲಕ ಒಳಗಿದೆ. ಒಳಗೆ ನಾನೊಬ್ಬಳೇ ಮಲಗಿರ್ತೀನಿ. ಬದುಕಿದ್ದಾಗಲೇ ನಾನು ತೆಗೀಲಿಲ್ಲ ಕಣೆ."