ಅತ್ತಿಗೆಯ ಎರಡನೇ ಸರ್ವರ್

ನಮ್ಮ ಅತ್ತಿಗೆಗೆ ಯಾವುದೂ ಒಂದೇ ಇದ್ದರೆ ಸಮಾಧಾನವಿಲ್ಲ. ಬ್ಯಾಗಿನಲ್ಲಿ ಎರಡು ಕನ್ನಡಕ, ಬಾಗಿಲ ಹಿಂದೆ ಎರಡು ಕೊಡೆ. ಮನೆಯ ಇನ್ನೊಂದು ಬೀಗದ ಕೈ ಎದುರುಮನೆಯಲ್ಲಿ. ಗಂಡ ಮಾತ್ರ ಒಬ್ಬನೇ ಎಂದು ನಮ್ಮಣ್ಣ ಬಂದವರೆದುರು ಜಂಬ ಕೊಚ್ಚುತ್ತಾನೆ. “ಯೋಚನೆ ಮಾಡ್ತಾ ಇದೀನಿ” ಎಂದು ಅತ್ತಿಗೆ ಒಳಗಿನಿಂದಲೇ ಅವನ ಬಾಯಿ ಮುಚ್ಚಿಸುತ್ತಾರೆ.

ಅತ್ತಿಗೆ, ನಾನು ಇಬ್ಬರೂ ಒಂದೇ ಕಣ್ಣಾಸ್ಪತ್ರೆಯಲ್ಲಿ ಕೆಲಸಕ್ಕಿದ್ದೇವೆ. ನಾನು ನೇತ್ರ ಭಂಡಾರದ ಗುಮಾಸ್ತ. ಕಣ್ಣು ದಾನ ಬರೆದುಕೊಟ್ಟವರು ಊರಿನ ಯಾವ ಆಸ್ಪತ್ರೆಯಲ್ಲಿ ತೀರಿಕೊಂಡರೂ ನನಗೊಂದು ಮೇಲ್ ಬರುತ್ತದೆ. ಆರು ಗಂಟೆಯೊಳಗೆ ನಮ್ಮ ಗಾಡಿ ಅಲ್ಲಿರಬೇಕು. ತಡವಾದರೆ ಆ ಕಣ್ಣು ಯಾರಿಗೂ ಇಲ್ಲ.

ಆ ಮೇಲ್ ತಪ್ಪದೆ ತಲುಪುವಂತೆ ನೋಡಿಕೊಳ್ಳುವುದು ಅತ್ತಿಗೆಯ ಕೆಲಸ. ಹೊರಗಿನವರಿಗೆ ಕಾಣುವುದು ಒಂದೇ ವಿಳಾಸ. ಅದರ ಹಿಂದೆ, ಮೆಟ್ಟಿಲ ಕೆಳಗಿನ ತಣ್ಣನೆಯ ಕೋಣೆಯಲ್ಲಿ, ಎರಡು ಸರ್ವರ್. ಬಂದ ಮೇಲ್ ಎರಡರಲ್ಲೂ ಉಳಿಯುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಆ ಕ್ಷಣವೇ ಅದೇ ವಿಳಾಸಕ್ಕೆ ಓಗೊಡುತ್ತದೆ.

ನಾಲ್ಕು ವರ್ಷ ಯಾರೂ ಅತ್ತಿಗೆಯ ಹತ್ತಿರ ಗೊಣಗಿಕೊಂಡು ಬರಲಿಲ್ಲ. ಅದೇ ಮುಳುವಾಯಿತು. ಹೊಸದಾಗಿ ಬಂದ ಆಡಳಿತಾಧಿಕಾರಿ, ಎರಡನೆಯದು ದಂಡಕ್ಕೆ ಕೂತಿದೆ, ಸ್ಕ್ಯಾನ್ ವಿಭಾಗಕ್ಕೆ ಕೊಟ್ಟುಬಿಡಿ ಎಂದು ಅಪ್ಪಣೆ ಮಾಡಿದರು. ಸೋಮವಾರ ಹನ್ನೊಂದು ಗಂಟೆಗೆ ಇಬ್ಬರು ತಳ್ಳುಗಾಡಿ ತಂದು ನಿಲ್ಲಿಸಿಯೇಬಿಟ್ಟರು. ಸುದ್ದಿ ತಿಳಿದು ನಾನು ಓಡಿಹೋದೆ. ಅತ್ತಿಗೆ ಸರ್ವರ್ ಕೋಣೆಯ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದುರಿಗೆ ಅಧಿಕಾರಿ.

“ನಾಲ್ಕು ವರ್ಷದಲ್ಲಿ ಮೇಲ್ ಒಂದು ಸಲನಾದ್ರೂ ನಿಂತಿದೆಯೇನಮ್ಮಾ?”

“ಇಲ್ಲ ಸಾರ್.”

“ಮತ್ತೆ? ಕೆಡದೇ ಇರೋದಕ್ಕೆ ಜೋಡಿ ಯಾಕೆ?”

“ಕೆಟ್ಟಿದೆ ಸಾರ್. ಹನ್ನೊಂದು ಸಲ. ಮೇಲ್ ನಿಂತಿಲ್ಲ, ಅಷ್ಟೇ.”

ನಾನೂ ಬೆಚ್ಚಿದೆ. ದಿನಾ ಒಂದೇ ಮನೆಯಲ್ಲಿ ಉಣ್ಣುವವನಿಗೆ ಒಂದು ಮಾತೂ ಹೇಳಿಲ್ಲವಲ್ಲ ಎಂದು ಸಿಟ್ಟೂ ಬಂತು.

“ಹೇಳ್ಬೇಕು ತಾನೇ?” ಎಂದರು ಅಧಿಕಾರಿ.

“ರಿಪೇರಿ ಪುಸ್ತಕದಲ್ಲಿ ಬರೆದಿದೀನಿ. ಯಾರಿಗೂ ತೊಂದರೆ ಆಗ್ಲಿಲ್ಲ, ಯಾರೂ ತೆಗೆದು ನೋಡ್ಲಿಲ್ಲ.”

ಅಧಿಕಾರಿ ಜಗ್ಗುವವರಲ್ಲ. “ಹಳೇ ಕತೆ ಬಿಡಿ. ಈಗ ಎಲ್ಲಾ ಸರಿಯಾಗೇ ನಡೀತಿದೆಯಲ್ಲ?”

ಅತ್ತಿಗೆ ನನ್ನ ಕಡೆ ತಿರುಗಿದರು. “ಬೆಳಿಗ್ಗೆ ಏನಾದ್ರೂ ಬಂತೇನೋ?”

“ಹತ್ತೂವರೆಗೆ ಒಂದು ಬಂತು ಅತ್ತಿಗೆ. ಯಾರೋ ಟೀಚರಂತೆ, ತೀರಿಕೊಂಡಿದಾರೆ. ಗಾಡಿ ಆಗ್ಲೇ ಹೋಯ್ತು.”

“ಮೊದಲನೇ ಸರ್ವರ್ ಒಂಬತ್ತಕ್ಕೇ ಕೆಟ್ಟಿದೆ ಸಾರ್. ಇದು ಹನ್ನೆರಡನೇ ಸಲ. ಆ ಮೇಲ್ ತಗೊಂಡಿದ್ದು ಎರಡನೇದು. ನೀವು ಒಯ್ಯೋಕೆ ಬಂದಿದೀರಲ್ಲ, ಅದು.”

ಮೇಲ್ ಬಂದಾಗ ನಾನು ಕಾಫಿ ಕುಡಿಯುತ್ತಾ, ಗಾಡಿಯವನಿಗೆ ಫೋನ್ ಮಾಡಿ ಹಾಯಾಗಿದ್ದೆ. ಅತ್ತಿಗೆಯ ಬಗ್ಗೆ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

“ಕೆಟ್ಟಿದ್ದನ್ನ ಇನ್ನೂ ಯಾಕೆ ಸರಿ ಮಾಡಿಲ್ಲ?” ಅಧಿಕಾರಿಯ ದನಿ ಇಳಿದಿತ್ತು.

“ಹೊಸ ಡಿಸ್ಕ್ ಬಂದಿದ್ದೇ ಹನ್ನೊಂದಕ್ಕೆ ಸಾರ್, ಕೈಯಲ್ಲೇ ಇದೆ. ಈ ಕುರ್ಚಿ ಬಿಟ್ಟು ಏಳೋ ಹಾಗಿರ್ಲಿಲ್ಲ.”

ಅಧಿಕಾರಿ ತಳ್ಳುಗಾಡಿಯವರಿಗೆ ಹೋಗಿ ಎಂದು ಸನ್ನೆ ಮಾಡಿದರು. ಆಮೇಲೆ ಆ ಕುರ್ಚಿಗೆ ಕೈಹಚ್ಚಿದರು.

“ಏಳಿ, ಹೋಗಿ ಹಾಕಿ. ನೀವು ಬರೋವರೆಗೂ ಇಲ್ಲಿ ನಾನು ಕೂತಿರ್ತೀನಿ.”