ಮುರಿಗೆವ್ವ ಮರಾಠಿ ಕಲಿತ ಬಗೆ

ಇನ್ನೊಂದು ಭಾಷೆ ಕಲಿತರೆ ಮನಸ್ಸು ದೊಡ್ಡದಾಗುತ್ತದೆ ಎಂದು ಹೇಳುವವರು ತಿಕೋಟಾದ ಮುರಿಗೆವ್ವನನ್ನು ನೋಡಿದವರಲ್ಲ. ಆಕೆ ನಡುವಯಸ್ಸು ದಾಟಿದ ಮೇಲೆ ಮರಾಠಿ ಕಲಿತಳು, ಚೆನ್ನಾಗಿಯೇ ಕಲಿತಳು. ಅದಕ್ಕೆ ಇದ್ದ ಕಾರಣ ಒಂದೇ, ಸೊಸೆಯ ಮೇಲಿನ ಸಂಶಯ. ಅವರ ನೆರೆಮನೆಯ ಶಂಕ್ರೆವ್ವ ನನ್ನ ತಾಯಿ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಸ್ವಲ್ಪ ಕಂಡದ್ದು, ಹೆಚ್ಚಿನದು ಕೇಳಿದ್ದು.

ಮುರಿಗೆವ್ವ ಯಾರನ್ನೂ ನಂಬುತ್ತಿರಲಿಲ್ಲ. ಜೋಳದ ರಾಶಿಯ ಮೇಲೆ ಬೂದಿಯ ಗೆರೆ ಎಳೆದು ಮಲಗುವಳು, ಬೆಳಿಗ್ಗೆ ಎದ್ದು ಮೊದಲು ಆ ಗೆರೆ ನೋಡುವಳು. ತನ್ನ ಎಮ್ಮೆಯನ್ನು ಯಾರಾದರೂ ಹೊಗಳಿದರೆ ಕಣ್ಣು ಹಾಕಿದರೆಂದೂ, ಹೊಗಳದಿದ್ದರೆ ಅಗ್ಗಕ್ಕೆ ಕೇಳಲು ಬಂದಿದ್ದಾರೆಂದೂ ತಿಳಿಯುವಳು. ಹಬ್ಬದ ಹೋಳಿಗೆ ಕೊಡಲು ಹೋದ ನನ್ನ ತಾಯಿಗೆ ಒಮ್ಮೆ, "ಮೊದಲ ನೀ ಒಂದ ತುತ್ತು ತಿನ್ನ ಬೇ" ಎಂದಿದ್ದಳು. ನನ್ನ ತಾಯಿ ತಿಂದಳು. ಆಮೇಲೆ ಹದಿನೈದು ದಿನ ಮಾತಾಡಲಿಲ್ಲ.

ಈ ಸ್ವಭಾವಕ್ಕೆ ಕಾರಣವಿತ್ತು. ಗಂಡ ಸತ್ತಾಗ ಮಗ ಶಿವಯೋಗೆಪ್ಪ ಇನ್ನೂ ತೊಟ್ಟಿಲಲ್ಲಿದ್ದ. ಹೊಲದ ಹಿಸ್ಸೆ ಮಾಡಲು ಗಂಡನ ಅಣ್ಣಂದಿರು ಬರೆಯುವವನೊಬ್ಬನನ್ನು ಕರೆತಂದರು. ಅವಳ ಎದುರಿಗೇ ಮರಾಠಿಯಲ್ಲಿ ಮಾತಾಡಿಕೊಂಡರು, ನಕ್ಕರು, ಬರೆಸಿದರು, ಅವಳ ಹೆಬ್ಬೆಟ್ಟು ಒತ್ತಿಸಿದರು. ಮಳೆ ಬಿದ್ದು ಬಿತ್ತಲು ಹೋದಾಗ ತಿಳಿಯಿತು, ಬಾವಿಯ ಪಕ್ಕದ ಎರೆಹೊಲ ಅವರ ಪಾಲಿಗೆ, ಗರಸು ದಿನ್ನೆ ತನ್ನ ಪಾಲಿಗೆ. ಅಂದಿನಿಂದ, ತನ್ನ ಮುಂದೆ ಮರಾಠಿ ಆಡಿದವರು ತನ್ನದೇನನ್ನೋ ಒಯ್ಯಲು ಬಂದವರು ಎಂಬುದು ಆಕೆಗೆ ಖಾತ್ರಿಯಾಯಿತು.

ಹೀಗಿರುವಾಗ ಆ ಮನೆಗೆ ಮರಾಠಿಯೇ ಸೊಸೆಯಾಗಿ ಬಂತು. ಶಿವಯೋಗೆಪ್ಪ ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಒಂದು ಅಡತಿ ಅಂಗಡಿಯ ಗುಮಾಸ್ತನಾಗಿದ್ದ. ಸೊಲ್ಲಾಪುರದ ವ್ಯಾಪಾರಿಗಳ ಜೊತೆ ದಿನವೆಲ್ಲ ಮರಾಠಿ ಆಡುವ ಕೆಲಸ. ವಾರವಿಡೀ ಅಲ್ಲಿದ್ದು ರವಿವಾರ ಊರಿಗೆ ಬರುತ್ತಿದ್ದ. ಅಂಗಡಿಯ ಸಾವಕಾರನೇ ಪಂಢರಪುರದ ಆಚೆಯ ಹಳ್ಳಿಯ ಹೆಣ್ಣು ಗೊತ್ತು ಮಾಡಿದ. ಲಿಂಗಾಯತರೇ, ಆದರೆ ಮನೆಮಾತು ಮರಾಠಿ. ಹುಡುಗಿಯ ಹೆಸರು ನೀಲಾಬಾಯಿ. ಮಗ ಬಂದು ತಾಯಿಗೆ ತಿಳಿಸಿದ, ಒಪ್ಪಿಗೆ ಕೇಳಲಿಲ್ಲ. ಯುದ್ಧದ ಕಾಲ, ೧೯೪೪. ಮದುವೆ ಸಣ್ಣದಾಗಿ ಮುಗಿಯಿತು, ಹೆಣ್ಣಿನ ಕಡೆಯವರಲ್ಲಿ ಬಂದವರಿಗಿಂತ ಬರದವರೇ ಹೆಚ್ಚು.

ನಸುಕಿನಲ್ಲಿ ಅತ್ತೆ ಸೊಸೆ ಬೀಸುಕಲ್ಲಿಗೆ ಕೂರುತ್ತಿದ್ದರು. ಇಬ್ಬರು ಎದುರುಬದುರು, ನಡುವೆ ಕಲ್ಲು, ಒಂದೇ ಗೂಟಕ್ಕೆ ಇಬ್ಬರ ಕೈ. ಹಾಡಿಲ್ಲದೆ ಜೋಳ ಬೀಸಿದರೆ ತೋಳು ಬೇಗ ಸೋಲುತ್ತದೆ, ಅದಕ್ಕೆ ಬೀಸುವವರು ಹಾಡುತ್ತಾರೆ. ನೀಲಾಬಾಯಿಯ ದನಿ ಒಳ್ಳೆಯದಿತ್ತು. ಅವಳು ಮರಾಠಿಯಲ್ಲಿ ಹಾಡಿದಳು. ಮುರಿಗೆವ್ವನಿಗೆ ಅದರಲ್ಲಿ ತಿಳಿದದ್ದು ಒಂದೇ ಮಾತು, 'ಸಾಸೂ'. ಸಾಸೂ ಎಂದರೆ ಅತ್ತೆ ಎಂದು ತಿಕೋಟಾದಲ್ಲಿ ಎಲ್ಲರಿಗೂ ಗೊತ್ತು. ಆ ಮಾತು ಒಮ್ಮೆ ಬಂದಿದ್ದರೆ ಮುರಿಗೆವ್ವ ಬಿಡುತ್ತಿದ್ದಳೋ ಏನೋ. ಅದು ಹಾಡುಹಾಡಿಗೂ ಬರುತ್ತಿತ್ತು.

"ನನ್ನ ಮುಂದ ಕುಂತ, ನನ್ನ ಮಾರಿ ನೋಡಕೋಂತ, ನನ್ನ ಬೈತಾಳ" ಎಂದು ಆಕೆ ಹಿತ್ತಲ ಗೋಡೆಯ ಮೇಲಿಂದ ನನ್ನ ತಾಯಿಗೆ ಹೇಳಿದಳು.

"ಬೈತಾಳೋ ಹೊಗಳತಾಳೋ ನಿನಗೇನ ಗೊತ್ತು? ಆಕಿಗೆ ಕನ್ನಡ ಕಲಿಸು, ಆಮ್ಯಾಲ ಆಕಿನ್ನ ಕೇಳು" ಎಂದಳು ನನ್ನ ತಾಯಿ.

"ಶ್ಯಾಣ್ಯಾಕಿ ಬಿಡ ನೀ. ಆಕಿಗೆ ಕನ್ನಡ ಬಂದ್ರ ನನ್ನ ಮಾತೆಲ್ಲ ಆಕಿ ಕಿವಿಗೆ ಬೀಳತಾವ. ನನಗ ಮರಾಠಿ ಬಂದ್ರ ಆಕಿ ಮಾತ ನನ್ನ ಕಿವಿಗೆ ಬೀಳತಾವ. ಯಾವುದರಾಗ ಲಾಭ ಐತಿ?"

ಮುರಿಗೆವ್ವ ಸೊಸೆಯೊಡನೆ ಕೈಸನ್ನೆಯಲ್ಲೇ ಸಂಸಾರ ನಡೆಸಿದಳು. ಓಣಿಯವರಿಗೂ ತಾಕೀತು ಮಾಡಿದಳು, ಹುಡುಗಿಯ ಹತ್ತಿರ ಹೆಚ್ಚು ಮಾತು ಬೇಡ. ಹುಡುಗಿ ದಿನಾಲು ಬಾವಿಗೆ ಹೋಗಿ ಹತ್ತು ಹೆಂಗಸರ ನಡುವೆ ನೀರು ಸೇದಿ ಬರುತ್ತಿದ್ದಳು. ಅವಳಿಗೆ ಕನ್ನಡ ಬರುವುದಿಲ್ಲ ಎಂದು ನಂಬಿದವಳು ಇಡೀ ತಿಕೋಟಾದಲ್ಲಿ ಮುರಿಗೆವ್ವ ಒಬ್ಬಳೇ.

ಗುರುವಾಗಿ ಸಿಕ್ಕವಳು ಬಬಲೇಶ್ವರದ ಬಳೆಗಾರ್ತಿ ಇಮಾಮಬಿ. ಬಬಲೇಶ್ವರ ಮುರಿಗೆವ್ವನ ತವರು, ಹಾಗಾಗಿ ಹಳೆಯ ಪರಿಚಯ. ಇಮಾಮಬಿ ಸಂತೆಯ ದಿನ ತಿಕೋಟಾಕ್ಕೆ ಬರುವಳು, ವರ್ಷಕ್ಕೊಮ್ಮೆ ಪಂಢರಪುರದವರೆಗೂ ಬಳೆ ಮಾರುತ್ತ ಹೋಗುವಳು. ಮನೆಮಾತು ಉರ್ದು. ಕನ್ನಡ, ಮರಾಠಿ ಎರಡೂ ನಾಲಗೆಯ ತುದಿಯಲ್ಲಿ. ಸೊಸೆಗೆ ಬಳೆ ಇಡಿಸುವ ನೆಪದಲ್ಲಿ ಅವಳನ್ನು ಕರೆದು, ಆಮೇಲೆ ಎಮ್ಮೆಯ ಕೊಟ್ಟಿಗೆಯಲ್ಲಿ ಕೂರಿಸಿಕೊಂಡು ಮುರಿಗೆವ್ವ ವಿಷಯ ಹೇಳಿದಳು.

"ಮರಾಠಿ ಯಾಕ ಯವ್ವಾ? ಉರ್ದು ಕಲೀರಿ, ಸಸಾರ ಐತಿ. ವಿಜಾಪುರ ಪ್ಯಾಟ್ಯಾಗ ಚೌಕಾಸಿ ಮಾಡಾಕ ಬರತೈತಿ."

"ಉರ್ದುದಾಗ ನನ್ನ ಯಾರೂ ಬೈಯಾಕತ್ತಿಲ್ಲ. ಮರಾಠಿ ಹೇಳು."

"ಬರೇ ತಿಳದ್ರ ಸಾಕೋ, ಆಡಾಕೂ ಬರಬೇಕೋ?"

"ತಿಳದ್ರ ಸಾಕು."

"ಹಂಗ ಆಗೂದಿಲ್ರಿ. ನಾಲಗಿ ತಿರುಗದ ಮಾತ ಕಿವ್ಯಾಗ ನಿಲ್ಲೂದಿಲ್ಲ. ಆಡಬೇಕು."

ಆಡುವುದು ಯಾರ ಹತ್ತಿರ? ಇಮಾಮಬಿ ವಾರಕ್ಕೊಮ್ಮೆ ಬರುವವಳು. ಉಳಿದ ದಿನಗಳಲ್ಲಿ ಮುರಿಗೆವ್ವ ಎಮ್ಮೆಯ ಹತ್ತಿರ ಮರಾಠಿ ಆಡಿದಳು. ಹುಲ್ಲು ಹಾಕುವಾಗ, ಹಿಂಡುವಾಗ, ಸಗಣಿ ಬಳಿಯುವಾಗ, ಮೆಲ್ಲನೆ. ನಮ್ಮ ಹಿತ್ತಲಿಗೆ ಗುಸುಗುಸು ಕೇಳಿಸುತ್ತಿತ್ತು. ಗುರು ಬಳೆಗಾರ್ತಿಯಾದ್ದರಿಂದ ಶಿಷ್ಯೆಯ ಮರಾಠಿಯೂ ಬೆಲೆ ಏರಿಸಿ ಇಳಿಸುವ ಮರಾಠಿಯಾಯಿತು. 'ಘ್ಯಾಯಚಂ ತರ ಘ್ಯಾ', ತಗೊಳ್ಳುವುದಿದ್ದರೆ ತಗೊಳ್ಳಿ, ಎಂಬ ಧಾಟಿ ಬಿಟ್ಟು ಎಮ್ಮೆಗೂ ಆಕೆ ಹುಲ್ಲು ಹಾಕಲಿಲ್ಲ.

ಓಣಿಯೂ ಸುಮ್ಮನಿರಲಿಲ್ಲ. ಗಂಡ ಸತ್ತವಳ ಮನೆಯ ಕೊಟ್ಟಿಗೆಯಲ್ಲಿ ಬಳೆಗಾರ್ತಿಗೆ ಪ್ರತಿ ಸಂತೆಗೂ ಏನು ಕೆಲಸ? "ಮುರಿಗೆವ್ವ ಈ ವಯಸ್ಸಿನ್ಯಾಗ ಉಡಿಕಿ ಆಗತಾಳೇನ?" ಎಂದು ಬಾವಿಯ ಹತ್ತಿರ ಒಬ್ಬಾಕೆ ಮರುಮದುವೆಯ ಮಾತೆತ್ತಿದಳು. "ಆದ್ರ ಆ ಗಂಡಿನ ಗತಿ ನೆನಸಕೋ" ಎಂದಳು ಇನ್ನೊಬ್ಬಾಕೆ. ಎಲ್ಲರ ಜೊತೆ ನೀಲಾಬಾಯಿಯೂ ನಕ್ಕಳಂತೆ.

ಮರುವರ್ಷದ ಹೊತ್ತಿಗೆ ಮುರಿಗೆವ್ವನ ಕಿವಿ ತೆರೆಯಿತು. ಆಗ ನೀಲಾಬಾಯಿ ಬಸುರಿ. ಕುಬಸ ಮಾಡಿ, ಉಡಿ ತುಂಬಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಕಳಿಸಬೇಕು. ಅವಳ ಅಣ್ಣ ಮನ್ಮಥಪ್ಪ ಬಂದು ಕರೆದೊಯ್ಯುವುದೆಂದು ಮಾತಾಗಿತ್ತು. ಬೀಸುಕಲ್ಲಿನ ಮುಂದೆ ಸೊಸೆ ಹಾಡುತ್ತಿದ್ದಳು, ಅತ್ತೆ ಮುಖದ ಒಂದು ಗೆರೆಯೂ ಅಲುಗದಂತೆ ಕೂತು ಕೇಳುತ್ತಿದ್ದಳು. ಹಾಡಿನಲ್ಲಿದ್ದದ್ದು ಇದು: ನನಗೆ ಐವರು ಅಣ್ಣಂದಿರು, ಬಿಳಿ ಎತ್ತಿನ ಗಾಡಿ ಹೂಡಿ ಬರುತ್ತಾರೆ. ಅತ್ತೆಯೆಂಬ ಜಾಲಿಯ ಮುಳ್ಳು ಕಾಲಿಗೆ ನಟ್ಟಿದೆ, ಅಣ್ಣ ಬಂದು ಕೀಳುತ್ತಾನೆ. ಬಂಗಾರ ಸೆರಗಿಗೆ ಕಟ್ಟಿಕೊಂಡು ಗಾಡಿ ಹತ್ತುತ್ತೇನೆ, ಹೊರಳಿ ನೋಡುವುದಿಲ್ಲ, ಈ ಕಲ್ಲು ನನಗಾಗಿ ಕಾಯುವುದು ಬೇಡ.

ಮುರಿಗೆವ್ವ ಇದನ್ನು ಸುದ್ದಿಯೆಂದು ಕೇಳಿದಳು. ಹೊಸದಾಗಿ ಭಾಷೆ ಕಲಿತವರಿಗೆ ಮಾತು ತಿಳಿಯುತ್ತದೆ, ಆ ಮಾತು ಎಂಥದ್ದೆಂದು ತಿಳಿಯುವುದಿಲ್ಲ. ಅಂದೇ ಆಕೆ ಸೊಸೆಯ ಬಂಗಾರದ ಸರ ಬೋರಮಾಳವನ್ನು ಪೆಟ್ಟಿಗೆಯಿಂದ ತೆಗೆದು ಜೋಳ ತುಂಬಿಡುವ ಗುಮ್ಮಿಯೊಳಗೆ ಹುಗಿದಳು. ರವಿವಾರ ಮಗ ಬಂದ.

"ಆಕಿನ್ನ ತವರಿಗೆ ಕಳಸೂದಿಲ್ಲ" ಎಂದಳು.

"ಯವ್ವಾ, ಚೊಚ್ಚಲ ಬಾಣಂತನ! ಯಾಕ ಕಳಸೂದಿಲ್ಲ?"

"ನನಗ ಗೊತ್ತೈತಿ."

"ಏನ ಗೊತ್ತೈತಿ?"

"ಗೊತ್ತಿದ್ದದ್ದ ಗೊತ್ತೈತಿ."

ಅದಕ್ಕಿಂತ ಹೆಚ್ಚು ಹೇಳಿದರೆ ತನ್ನ ಮರಾಠಿ ಬಯಲಾಗುತ್ತದೆ. ಮಗ ಹೆಂಡತಿಯನ್ನು ಕೇಳಿದ, ಜಗಳವಾಡಿದೆಯಾ ಎಂದು. ಅವಳು ಇಲ್ಲವೆಂದಳು. ಅವನು ಅವಳನ್ನೂ ನಂಬದೆ, ತಾಯಿಯನ್ನೂ ನಂಬದೆ ವಿಜಾಪುರಕ್ಕೆ ಹೋದ.

ನೀಲಾಬಾಯಿಗೆ ಹೆದರಿಕೆ ಹತ್ತಿತು. ಆ ಬೇಸಿಗೆಯಲ್ಲಿ ನಮ್ಮ ಓಣಿಯಲ್ಲೇ ಒಬ್ಬ ಬಾಣಂತಿ ಸತ್ತಿದ್ದಳು, ಹೆಣವನ್ನು ಇವಳೂ ನೋಡಿದ್ದಳು. ಅವಳಿಗೆ ಹೆರಿಗೆಗೆ ತಾಯಿಯ ಕೈ ಬೇಕಿತ್ತು. ಅವಳು ಉಣ್ಣುವುದು ಕಡಿಮೆಯಾಯಿತು. ಹಾಡುವುದು ಹೆಚ್ಚಾಯಿತು. ಹಾಡಿದಷ್ಟೂ ಅತ್ತೆ ಗಟ್ಟಿಯಾದಳು.

ಕಳಿಸುವುದಿಲ್ಲವೆಂಬ ಸುದ್ದಿಯನ್ನು ಆ ಕಡೆಗೆ ಯಾರೂ ಮುಟ್ಟಿಸಿರಲಿಲ್ಲ. ಮೊದಲೇ ಮಾತಾಗಿದ್ದ ರವಿವಾರ ಮನ್ಮಥಪ್ಪ ಬಂದೇಬಿಟ್ಟ. ರೈಲಿನಲ್ಲಿ ವಿಜಾಪುರಕ್ಕೆ ಬಂದು, ಶಿವಯೋಗೆಪ್ಪನೊಡನೆ, ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಮೋಟಾರು ಹತ್ತಿ ತಿಕೋಟಾದಲ್ಲಿ ಇಳಿದಿದ್ದ. ಸಣಕಲ ಮನುಷ್ಯ, ಮುಖಕ್ಕೆಲ್ಲ ಮಸಿ, ಬಗಲಲ್ಲಿ ಒಂದು ಗಂಟು. ಹೊಸ್ತಿಲಲ್ಲಿ ನಿಂತು ಕೈಮುಗಿದ. ಮುರಿಗೆವ್ವ ಅವನನ್ನು ನೋಡಲಿಲ್ಲ, ಅವನ ಹಿಂದಿನ ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ತಡೆಯಲಾಗಲಿಲ್ಲ.

"ಬಾಕೀಚೆ ಚೌಘೇ ಕುಠೇ ಆಹೇತ?" ಎಂದಳು. ಉಳಿದ ನಾಲ್ವರು ಎಲ್ಲಿ?

ಮನ್ಮಥಪ್ಪ ಹಿಂದೆ ತಿರುಗಿ ನೋಡಿದ. ಯಾವ ನಾಲ್ವರು?

ಐವರು ಅಣ್ಣಂದಿರು ಅಲ್ಲವೇ, ಎಂದು ಮುರಿಗೆವ್ವ ಅದೇ ಭಾಷೆಯಲ್ಲಿ, ಬಳೆಯ ಬೆಲೆ ಇಳಿಸುವ ಧಾಟಿಯಲ್ಲಿ, ಒಂದೇ ಉಸಿರಿಗೆ ಕೇಳಿದಳು. ಬಿಳಿ ಎತ್ತು ಎಲ್ಲಿ, ಗಾಡಿ ಎಲ್ಲಿ, ಊರ ಹೊರಗೆ ಮರೆಯಲ್ಲಿ ನಿಲ್ಲಿಸಿದ್ದೀರೋ, ಜಾಲಿಯ ಮುಳ್ಳು ಕೀಳಲು ಬಂದವರು ಕಳ್ಳರ ಹಾಗೆ ಯಾಕೆ ಬರಬೇಕು?

ದನಿ ಕೇಳಿ ನನ್ನ ತಾಯಿ ಓಡಿ ಬಂದಳು, ಅವಳ ಸೆರಗು ಹಿಡಿದು ನಾನೂ. ಶಿವಯೋಗೆಪ್ಪನ ಮುಖ ಬಿಳಿಚಿತ್ತು. ಒಂದು ವರ್ಷದಿಂದ ತಾಯಿಯ ಎದುರು ಹೆಂಡತಿಗೆ ಏನೇನು ಹೇಳಿದ್ದೆನೆಂದು ಅವನು ನೆನಪಿಸಿಕೊಳ್ಳುತ್ತಿದ್ದಿರಬೇಕು.

"ಯವ್ವಾ! ನಿನಗ ಮರಾಠಿ ಬರತೈತಿ?"

"ಯಾಕ, ನಿನಗೊಬ್ಬನಿಗ ಬರಬೇಕೇನ?"

ಆಗ ಅಡುಗೆಮನೆಯ ಬಾಗಿಲಿಂದ ನೀಲಾಬಾಯಿ ಮಾತಾಡಿದಳು, ತಿಕೋಟಾದ ಕನ್ನಡದಲ್ಲಿ. "ಅತ್ತಿ, ಐದ ಮಂದಿ ಹಾಡಿನಾಗ ಇರತಾರ್ರಿ. ಮನ್ಯಾಗ ಇವನೊಬ್ಬನ. ಎತ್ತೂ ಇಲ್ಲ, ಗಾಡೀನೂ ಇಲ್ಲ."

"ನಿನಗ ಕನ್ನಡ ಯಾವಾಗ ಬಂತು?"

"ದಿನಾ ಬಾವಿಗೆ ಹೋಗ್ತೇನಲ್ರಿ."

ನನ್ನ ತಾಯಿ ನಗಲು ಸುರುಮಾಡಿದಳು. "ಬೇ ಮುರಿಗೆವ್ವ, ನೀ ಬೀಸೂಮುಂದ ಏನ ಹಾಡ್ತಿದ್ದಿ? ಅತ್ತಿನ್ನ ಚೇಳು ಅಂದಿ, ಹಾವು ಅಂದಿ. ಬಬಲೇಶ್ವರದಿಂದ ಏಳ ಮಂದಿ ಅಣ್ಣಂದ್ರನ್ನ ಕುದರಿ ಮ್ಯಾಲ ಕರಸ್ತಿದ್ದಿ. ನಿನಗ ಇದ್ದಾವ ಒಬ್ಬ, ಆತಗ ಕತ್ತೇನೂ ಇರಲಿಲ್ಲ! ಎಲ್ಲಾರೂ ಅದನ್ನ ಹಾಡೂದು."

ಮುರಿಗೆವ್ವ ನಗಲಿಲ್ಲ. "ಹೌದು, ಹಾಡೀನಿ" ಎಂದಳು. "ಅಂದದ್ದೆಲ್ಲ ಹೊಟ್ಟ್ಯಾಗಿಂದ ಅಂದೀನಿ. ನಮ್ಮಣ್ಣ ಒಂದ ಕುಂಟ ಕತ್ತೆ ತಂದಿದ್ರೂ ಹತ್ತಿ ಹೋಗತಿದ್ದೆ. ಹೊಳ್ಳಿ ಬರತಿರಲಿಲ್ಲ. ಆತ ಬರಲಿಲ್ಲ, ನಾ ಇಲ್ಲೇ ಉಳದೆ." ಆಮೇಲೆ ಸೊಸೆಯ ಕಡೆ ತಿರುಗಿದಳು. "ನಿಮ್ಮಣ್ಣ ಬಂದಾನ. ಹೇಳು, ನೀ ಹೊಳ್ಳಿ ಬರತೀಯೇನ?"

ನೀಲಾಬಾಯಿ ಕೂಡಲೇ ಉತ್ತರ ಕೊಡಲಿಲ್ಲ. ಅದನ್ನು ಎಲ್ಲರೂ ಗಮನಿಸಿದರು, ಗಂಡನೂ ಗಮನಿಸಿದ. ನನ್ನ ತಾಯಿಯ ನಗು ನಿಂತಿತು.

"ಬರತೇನ್ರಿ" ಎಂದಳು ಕೊನೆಗೆ. "ಆದ್ರ ಹಡಿಯೂದ ಅವ್ವನ ಮುಂದ. ಇಲ್ಲಿ ನನಗ ಹೆದರಿಕಿ ಆಗತೈತಿ."

ಹೆದರಿಕೆ ಎಂಬುದನ್ನು ಮುರಿಗೆವ್ವ ನಂಬಿದಳೆಂದು ಕಾಣುತ್ತದೆ. ಬರುತ್ತೇನೆಂಬುದನ್ನು ನಂಬಲಿಲ್ಲ. ಒಳಗೆ ಹೋದಳು. ಗುಮ್ಮಿಯಿಂದ ಬೋರಮಾಳ ತೆಗೆದಳು, ಅದನ್ನೊಳಗಿಟ್ಟು ತನ್ನ ಎರಡು ಸೀರೆ ಗಂಟು ಕಟ್ಟಿದಳು, ಹೊರಗೆ ಬಂದಳು. "ಆಕಿ ಹೋಗಲಿ. ನಾನೂ ಹೊಂಟೆ."

"ಬೀಗರ ಮನಿಗೆ, ಬಾಣಂತನಕ್ಕ, ಅತ್ತಿ ಹೋಗೂದ?" ಎಂದ ಶಿವಯೋಗೆಪ್ಪ. "ಅಲ್ಲಿ ಮಂದಿ ನಗತಾರ ಯವ್ವಾ."

"ನಗಲಿ. ಯಾಕ ನಗತಾರ ಅಂತ ಈಗ ನನಗ ತಿಳೀತೈತಿ." ನನ್ನ ತಾಯಿಗೆ ಹೇಳಿದಳು: "ಎಮ್ಮಿ ನಿನ್ನ ಕಡೆ ಇರಲಿ. ಎಷ್ಟ ಹಿಂಡತೈತಿ ನನಗ ಗೊತ್ತೈತಿ, ಮತ್ತ."

ಮಾರನೆಯ ದಿನ ಕುಬಸ ಆಯಿತು. ಮರುದಿನ ಹೊರಟರು. ಆಕೆ ಮೂರು ತಿಂಗಳಿಗೂ ಮೀರಿ ಅಲ್ಲಿದ್ದು, ಬೀಗಿತ್ತಿಯ ಮನೆಯ ಪ್ರತಿ ಮಾತಿಗೂ ಕಿವಿಗೊಟ್ಟು, ಹೆರಿಗೆ ನಾಮಕರಣ ಮುಗಿಸಿ, ಸೊಸೆ ಮೊಮ್ಮಗಳನ್ನು ಕರೆದುಕೊಂಡೇ ತಿಕೋಟಾಕ್ಕೆ ಮರಳಿದಳು. ಸೊಸೆ ತಾನಾಗಿ ಬರುತ್ತಿದ್ದಳೇ ಎಂಬುದು ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಮುರಿಗೆವ್ವನಿಗೆ ಬೇಕಾದದ್ದೂ ಅದೇ.

ಹೊರಟ ದಿನ ಮೋಟಾರಿನಲ್ಲಿ ಆಕೆ ಅಣ್ಣ ತಂಗಿಯರ ನಡುವೆ ಕೂತಳಂತೆ. ಇಬ್ಬರ ನಡುವಿನ ಮಾತು ತನ್ನನ್ನು ದಾಟಿಯೇ ಹೋಗಬೇಕು. ಮೋಟಾರು ಊರು ಬಿಟ್ಟು ಸ್ವಲ್ಪ ದೂರ ಬಂದಿತ್ತು. ಇದ್ದಿಲ ಹೊಗೆ ಒಳಗೆ ನುಗ್ಗಿ ಮುರಿಗೆವ್ವನಿಗೆ ಹೊಟ್ಟೆ ತೊಳೆಸತೊಡಗಿತು. ಮನ್ಮಥಪ್ಪ ಮುಂದಕ್ಕೆ ಬಾಗಿ ತಂಗಿಗೆ ಮೆಲ್ಲನೆ ಮರಾಠಿಯಲ್ಲಿ ಹೇಳಿದ, ಅತ್ತೆಗೆ ನಿನ್ನ ಕಿಟಕಿಯ ಜಾಗ ಕೊಡು, ಗಾಳಿ ಸಿಗಲಿ, ವಾಂತಿ ಮಾಡಿಕೊಂಡಾರು.

ಮಾತು ಪೂರ್ತಿ ತಿಳಿಯಿತು. ನೀಲಾಬಾಯಿ ಎದ್ದು ನಿಂತಳು. ಮುರಿಗೆವ್ವ ಲೆಕ್ಕ ಹಾಕಿದಳು. ತಾನು ಕಿಟಕಿಗೆ ಸರಿದರೆ ಇವರಿಬ್ಬರೂ ಒಂದಾಗಿ ಕೂರುತ್ತಾರೆ.

"ಕುಂಡ್ರ" ಎಂದಳು ಸೊಸೆಗೆ. ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ವಿಜಾಪುರ ಬರುವವರೆಗೂ ಆಕೆ ಜಾಗ ಬಿಟ್ಟು ಅಲುಗಲಿಲ್ಲ.